ಮಾಲಕರು ದಾವಣಗೆರೆಯಲ್ಲಿದ್ದಾರೆ

ಶಿಗ್ಗಾಂವ
27 ಮಾರ್ಚ್ 2025

ಮಗಳು ಸಂಘಮಿತ್ರಾಳಿಗೆ ಅಪ್ಪನ ಜೈ ಭೀಮ್.

ನಿನ್ನ ಆರೋಗ್ಯ ಹೇಗಿದೆ? ರಾಯಚೂರಿನ ಬಿಸಿಲಿನ ಸುದ್ದಿಯನ್ನು ದಿನವೂ ಪೇಪರಿನಲ್ಲಿ ಓದುತ್ತೇನೆ. ಪಾಠ ಮಾಡಲು ಶಾಲೆಗೆ ಹೋಗುವಾಗ ಕೊಡೆ ಮರೆಯಬೇಡ. ನಿಮ್ಮವ್ವನ ಮೊಣಕಾಲು ನೋವು ಇದ್ದಷ್ಟೇ ಇದೆ. ಏಪ್ರಿಲ್ ಹನ್ನೆರಡಕ್ಕೆ ರಜೆ ಬಿಟ್ಟ ಕೂಡಲೇ ಬಂದು ಒಂದು ತಿಂಗಳು ಇರುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದ ಮರುದಿನವೇ ಅವಳು ಹಪ್ಪಳಕ್ಕೆ ಕೂತಳು. ನಾನು ಹ್ಞೂಂ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಇಲ್ಲಿ ಗೋಡೆ ತೆಳು, ಪಕ್ಕದ ಖೋಲಿಯವರಿಗೆ ಎಲ್ಲವೂ ಕೇಳುತ್ತದೆ. ಅದಕ್ಕೇ ಈ ಪತ್ರ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಲೆಕ್ಕ ಸರಿ ಇತ್ತೆಂದು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ. 2017ರಲ್ಲಿ ಪುರಸಭೆಯ ಪಂಪಿನ ಕೆಲಸದಿಂದ ನಿವೃತ್ತನಾದಾಗ ಬಂದ ದುಡ್ಡಿನಲ್ಲಿ ಹೈವೇ ಕಡೆ ಜಾಗ ಹಿಡಿದು, ನಮಗೊಂದು ಖೋಲಿ, ಬಾಡಿಗೆಗೆ ಎರಡು ಕಟ್ಟಿಸಿದೆ. ತಲಾ ಮೂರು ಸಾವಿರ ಬಾಡಿಗೆ. ಪಿಂಚಣಿಯಲ್ಲಿ ಉಂಡೆವು, ಬಾಡಿಗೆ ಮುಟ್ಟಲಿಲ್ಲ. ಮೂರು ವರ್ಷದಲ್ಲಿ ಆ ದುಡ್ಡೇ ಮೂರನೆಯದನ್ನು ಕಟ್ಟಿತು. ಮೂರು ಸೇರಿ ಎರಡು ವರ್ಷದಲ್ಲಿ ನಾಲ್ಕನೆಯದನ್ನು, ನಾಲ್ಕು ಸೇರಿ ಒಂದೂವರೆ ವರ್ಷದಲ್ಲಿ ಐದನೆಯದನ್ನು. "ಆಡು ಈದಂಗ ಈಯಾಕತ್ತಾವಲ್ರಿ ನಿಮ್ಮ ಖೋಲಿ!" ಎಂದು ನಿಮ್ಮವ್ವ ನಗುತ್ತಿದ್ದಳು. ಹತ್ತಾದ ಮೇಲೆ ಎಲ್ಲವನ್ನೂ ನಿನ್ನ ಹೆಸರಿಗೆ ಮಾಡುವುದೆಂದು ನಾನು ನಿಶ್ಚಯಿಸಿದ್ದೆ.

ಕಳೆದ ವರ್ಷದ ಭೀಮ ಜಯಂತಿಗೆ ಅವಳು ಗೋಧಿ ಹುಗ್ಗಿ ಮಾಡಿ ಐದೂ ಖೋಲಿಗೆ ಕೊಟ್ಟಳು. ಎಲ್ಲರೂ ಬೇರೆ ಊರಿನವರು. ನಾವು ಯಾವ ಮಂದಿ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಜೆ ಐದೂ ತಾಟು ಮುಚ್ಚಿದ ಹಾಗೆಯೇ ನಮ್ಮ ಹೊಸ್ತಿಲ ಮುಂದಿದ್ದವು. ಎರಡು ತಿಂಗಳಲ್ಲಿ ಎಲ್ಲ ಖಾಲಿ. ಒಬ್ಬರಿಗೆ ಬಸ್ ಸ್ಟ್ಯಾಂಡ್ ದೂರವಾಯಿತು, ಒಬ್ಬರಿಗೆ ಸೊಳ್ಳೆ. ಬಾಡಿಗೆಗಿದ್ದ ಗುತ್ತೆವ್ವ ಒಬ್ಬಳೇ ಮುಖಕ್ಕೆ ಹೇಳಿದಳು: "ತಪ್ಪು ತಿಳಿಬ್ಯಾಡ್ರಿ ಯಜಮಾನ್ರ, ನಿಮ್ಮ ಟಾಕಿ ನೀರು ನಮಗ ನಡ್ಯೂದಿಲ್ರಿ." ಬಣ್ಣ ಹೊಡೆಸಲು ಖಾಲಿ ಮಾಡಿಸಿದ್ದೇವೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು.

ಜನವರಿಯವರೆಗೆ ಯಾರೂ ಬರಲಿಲ್ಲ. ನೋಡಲು ಬಂದವರೂ ಓಣಿಯಲ್ಲಿ ವಿಚಾರಿಸಿ ಹಾಗೆಯೇ ಹೋದರು. ಕೊನೆಗೆ ದಲ್ಲಾಳಿ ಜಗದೀಶ ಉಪಾಯ ಹೇಳಿದ: "ಮಾರಿಬಿಟ್ರು ಅಂತ ಓಣ್ಯಾಗ ಹೇಳ್ತೇನಿ. ಮಾಲಕರು ದಾವಣಗೆರ್ಯಾಗ ಅದಾರ. ನೀವು ವಾಚ್‌ಮನ್ ಆಗ್ರಿ ಕಾಕಾ. ವಾಚ್‌ಮನ್ ಯಾರಿದ್ರೂ ನಡೀತೈತಿ." ಹದಿನೈದು ದಿನದಲ್ಲಿ ಐದೂ ಖೋಲಿ ತುಂಬಿದವು. ನೀರು ಅದೇ ಟಾಕಿಯದು.

ಈಗ ನಾನು ಮೆಟ್ಟಿಲು ಗುಡಿಸುತ್ತೇನೆ. 'ಸಂಘಮಿತ್ರಾ ನಿಲಯ' ಬೋರ್ಡನ್ನು ನಾನೇ ಬಿಚ್ಚಿದೆ. ಮೇಲಿನ ಖೋಲಿಯ ಫಕ್ಕೀರೇಶ, ನನ್ನ ಅರ್ಧ ವಯಸ್ಸಿನವನು, "ಏ ಮಾಳ್ಯಾ, ಮೋಟರ್ ಚಾಲೂ ಮಾಡೋ! ಮಾಲಕಗ ಫೋನ್ ಹಚ್ಚಲೇನು?" ಎಂದು ಗದರುತ್ತಾನೆ. ನಿಮ್ಮವ್ವ ಈಗ ನಗುವುದಿಲ್ಲ. "ಸ್ವಂತ ಮನ್ಯಾಗ ಜೀತಕ್ಕ ಇದ್ದಂಗಾತು" ಎಂದು ಒಮ್ಮೆ ಅಂದಳು, ಮತ್ತೆ ಅನ್ನಲಿಲ್ಲ. ತಿಂಗಳಿಗೆ ಹದಿನೈದು ಸಾವಿರದಂತೆ ಮುಂದಿನ ಬೇಸಿಗೆಗೆ ಆರನೆಯ ಖೋಲಿ ಏಳುತ್ತದೆ. ಹತ್ತಾದರೂ ನಾನು ವಾಚ್‌ಮನ್ನೇ. ನಿಲ್ಲಿಸಿದರೆ ಖಾಲಿ ಗೋಡೆಗಳು. ಬೇರೆ ದಾರಿ ನನಗೆ ಕಾಣಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ ಎಂಬುದೊಂದೇ ನಮ್ಮಿಬ್ಬರ ಆಸೆ.

ನಿನ್ನ ಅಪ್ಪ,
ಮಾಳಪ್ಪ

ತಾ.ಕ.: ಈ ರಜೆಗೆ ಬರಬೇಡ. ಫಕ್ಕೀರೇಶ ನನ್ನನ್ನು ಹಾಗೆ ಕರೆದರೆ ನೀನು ಸುಮ್ಮನಿರುವವಳಲ್ಲ. ನೀನು ಒಂದು ಮಾತಾಡಿದರೆ ಐದೂ ಖೋಲಿ ಮತ್ತೆ ಖಾಲಿ. ರಜೆಯಲ್ಲಿ ನಿನಗೆ ಟ್ರೇನಿಂಗ್ ಹಾಕಿದ್ದಾರೆ ಎಂದು ಅವ್ವನಿಗೆ ಹೇಳಿದ್ದೇನೆ. ಅವಳು ಫೋನ್ ಮಾಡಿದರೆ ನೀನೂ ಹಾಗೆಯೇ ಹೇಳು.