ಹಲ್ಲು ಕಿತ್ತ ಮೇಲೆ ಹುಳುಕು ಎಲ್ಲಿಂದ?

ಮಾನ್ಯರೇ,

ಮಾಜಿ ಸೈನಿಕರ ದಂತ ಸೌಲಭ್ಯದ ಅರ್ಜಿಗಳನ್ನು ತಿರಸ್ಕರಿಸುವ ಕುರ್ಚಿಯಲ್ಲಿ ಕೂತಿರುವ ನಿಮಗೆ ಒಂದು ಕಥೆ. ಇದನ್ನು ಮೊದಲು ಹೇಳಿದವರು ನನ್ನ ಅಕ್ಕನ ಗಂಡ, ಹೋದ ಸೋಮವಾರ ಸಂಜೆ, ನನ್ನ ಕ್ಷೌರದಂಗಡಿಯಲ್ಲಿ, ಮುಖಕ್ಕೆ ಸೋಪು ಹಚ್ಚಿಸಿಕೊಂಡು. ಕೇಳಿದವರು ಒಂಬತ್ತು ಜನ, ಎಲ್ಲರೂ ಅವರ ತುಕಡಿಯ ಹಳೆಯ ಸಿಪಾಯಿಗಳು. ಕಥೆಯ ರಾಕ್ಷಸ ನೀವೇ.

ಭಾವನ ಗಲ್ಲ ಹೆರೆಯುವುದು ಸುಲಭವಲ್ಲ. ಒಳಗೆ ಆಸರೆಗೆ ದವಡೆ ಹಲ್ಲಿಲ್ಲ. ಅವರು ಉಸಿರು ತುಂಬಿ ಗಲ್ಲ ಉಬ್ಬಿಸಬೇಕು, ಆ ಉಸಿರು ಮುಗಿಯುವುದರೊಳಗೆ ನಾನು ಕತ್ತಿ ಎಳೆಯಬೇಕು. ಹಲ್ಲುಗಳು ಎಲ್ಲಿ ಹೋದವು? ಸೈನ್ಯವೇ ಕಿತ್ತಿತು. ಎಂಟು ತಿಂಗಳು ವೈದ್ಯರು ತಲುಪಲಾಗದ ಹಿಮದ ಠಾಣೆಗೆ ಕಳಿಸುವ ಮುನ್ನ, ಮುಂದೆಂದಾದರೂ ನೋಯಬಹುದೆಂಬ ಅನುಮಾನದ ಮೇಲೆ, ಒಂದೇ ವಾರದಲ್ಲಿ ಹದಿನಾಲ್ಕು. "ಅಲ್ಲಿ ಹಲ್ಲುನೋವು ಬಂದ್ರೆ ಕಾವಲು ಕಾಯೋಕಾಗಲ್ಲ ಅಂದ್ರು. ಸರಿ ಅಂತ ಬಾಯಿ ಬಿಟ್ಟೆ," ಎಂದರು ಭಾವ.

ಸೈನ್ಯದಿಂದ ಬಿಡುಗಡೆಯಾದ ದಿನ ತಪಾಸಣೆಯ ಮೇಜಿನವನು ತಲೆಯೆತ್ತದೆ ಕೇಳಿದನಂತೆ: ಹುಳುಕು ಹಲ್ಲು ಇದೆಯಾ? ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಸಿಪಾಯಿಯ ಅಭ್ಯಾಸ. "ಇಲ್ಲ ಸಾರ್." ಸತ್ಯವೇ, ಹುಳುಕು ಹಿಡಿಯುವಂಥದ್ದು ಏನು ಉಳಿದಿತ್ತು? ಆ ಒಂದು ‘ಇಲ್ಲ’ವನ್ನು ಹಿಡಿದುಕೊಂಡು ಈಗ ತಾವು ಬರೆದಿದ್ದೀರಿ: "ಬಿಡುಗಡೆಯ ಸಮಯದಲ್ಲಿ ಅರ್ಜಿದಾರರಿಗೆ ದಂತ ತೊಂದರೆ ಇರಲಿಲ್ಲವಾದ್ದರಿಂದ ಕೃತಕ ದಂತಕ್ಕೆ ಅರ್ಹರಲ್ಲ." ಆಹಾ! ತಲೆ ಕಡಿದ ಮೇಲೆ ತಲೆನೋವಿಲ್ಲವೆಂದು ಪ್ರಮಾಣಪತ್ರ ಕೊಡುವ ಈ ಜಾಣತನವನ್ನು ಎಲ್ಲಿ ಕಲಿತಿರಿ?

ನಿಮ್ಮ ಆ ಪತ್ರದ ಜೊತೆಗೊಂದು ಕೈಪಿಡಿ, ‘ನಿಮ್ಮ ದಂತ ಸೌಲಭ್ಯಗಳನ್ನು ಅರಿಯಿರಿ’. ಮುಖಪುಟದಲ್ಲಿ ಮೂವತ್ತೆರಡೂ ಹಲ್ಲು ಬಿಟ್ಟು ನಗುವ ಮನುಷ್ಯ. ಅಕ್ಕ ನೋಡಿ, "ಇವನಿಗ್ಯಾಕಪ್ಪಾ ಸೌಲಭ್ಯ? ಬಾಯಲ್ಲಿ ಜಾಗಾನೇ ಇಲ್ವಲ್ಲ!" ಎಂದು ನಕ್ಕಳು. ಆಮೇಲೆ ಗಂಡನ ತಟ್ಟೆಯಲ್ಲಿದ್ದುದನ್ನು ಕಿವುಚಲು ಕೂತಳು. ಭಾವನ ವಸಡು ಸವೆಯುತ್ತಿದೆ. ಇನ್ನು ಆರು ತಿಂಗಳು ತಡವಾದರೆ ಯಾವ ಹಲ್ಲಿನ ಸೆಟ್ಟೂ ಕೂರುವುದಿಲ್ಲ ಎಂದಿದ್ದಾರೆ ಡಾಕ್ಟರು. ನಿಮ್ಮಲ್ಲಿ ಮೇಲ್ಮನವಿಯ ಸರದಿ ಹದಿನೆಂಟು ತಿಂಗಳು. ನೀವು ಕಾಯುತ್ತಿರುವುದು ಯಾವುದಕ್ಕೆ, ಸ್ವಾಮಿ?

ನಾನು ಕ್ಷಮಿಸುವ ಪೈಕಿಯವನಲ್ಲ. ಏಳು ದಿನದೊಳಗೆ ಆದೇಶ ರದ್ದು ಮಾಡಿ. ಹಲ್ಲು ಕಿತ್ತ ದಾಖಲೆಯನ್ನು ನೀವೇ ಹುಡುಕಿ ತರಿಸಿ, ಕಿತ್ತವರು ನಿಮ್ಮವರು. ಅಲ್ಲಿಯವರೆಗೆ ಈ ಪತ್ರದ ನಕಲು ನನ್ನ ಅಂಗಡಿಯ ಕನ್ನಡಿಗೆ ಅಂಟಿರುತ್ತದೆ. ಕತ್ತಿಯ ಕೆಳಗೆ ಬಾಯಿ ಮುಚ್ಚಿಕೊಂಡು ಓದುವವರು ಬೀದಿಗಿಳಿದ ಮೇಲೆ ಮುಚ್ಚಿಕೊಂಡಿರುವುದಿಲ್ಲ.

ಆ ಸೋಮವಾರ ಭಾವ ಕಥೆ ಮುಗಿಸಿದರು. ಒಂಬತ್ತರಲ್ಲೊಬ್ಬ, ಈಗ ಲಾರಿ ಡ್ರೈವರ್, ಮೂಲೆಯಿಂದ ಮೆಲ್ಲಗೆ ಅಂದ: "ನಂಗೂ ಹಂಗೇ ಕಿತ್ರು ಕಣೋ. ನಾನೂ ‘ಇಲ್ಲ ಸಾರ್’ ಅಂದ್ಬಿಟ್ಟೆ." ಒಬ್ಬೊಬ್ಬರಾಗಿ ಒಂಬತ್ತು ಜನವೂ ಅದನ್ನೇ ಅಂದರು.

ಮರುದಿನ ಬೆಳಿಗ್ಗೆ ನಿಮ್ಮ ಕಚೇರಿಯ ಬೀಗ ತೆಗೆಯುವ ಮುಂಚೆಯೇ ಅವರು ಗಲ್ಲ ನುಣ್ಣಗೆ ಮಾಡಿಸಿಕೊಂಡು ಸಾಲಾಗಿ ನಿಂತಿದ್ದರು, ಮುಂದೆ ಭಾವ. ನೀವು ಬಂದು ಅವರನ್ನು ಕಂಡೊಡನೆ ಒಳಗೆ ಹೋಗಿ ಚಿಲಕ ಹಾಕಿಕೊಂಡಿರಂತೆ. ಕಿಟಕಿಯ ಗುಮಾಸ್ತ "ಏನ್ಬೇಕು?" ಎಂದಾಗ ಹತ್ತು ಜನವೂ ಅಗಲಕ್ಕೆ ಬಾಯಿ ತೆರೆದು ತೋರಿಸಿದರು. ಅವನು ಒಂದೊಂದೇ ಖಾಲಿ ಜಾಗವನ್ನು ಎಣಿಸಿ ಬರೆದುಕೊಳ್ಳುವವರೆಗೆ ಮುಚ್ಚಲಿಲ್ಲ.

ಇಂತಿ,
ನಿಮ್ಮ ಕೈಪಿಡಿಯನ್ನು ಮೂರು ಸಲ ಓದಿಯೂ ಏನೂ ಅರಿಯದ,
ಕೈಯಲ್ಲಿ ಕತ್ತಿಯಿದ್ದೂ ಕಾಗದವನ್ನಷ್ಟೇ ಬರೆಯಬೇಕಾದ
ಒಬ್ಬ ಕ್ಷೌರಿಕ