ಓರಗಿತ್ತಿ ಅಂದರೆ ಯಾರು?

ದೋಣಿಯಿಂದ
ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ಗಡಿಬಿಡಿಯ ನಮಸ್ಕಾರಗಳು. ನಿಮ್ಮ ಕಾಗದ ಕೈಸೇರಿ ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀರಿ. ತಪ್ಪಿಲ್ಲ, ಬೈಯಿರಿ. ಬೈದು ಮುಗಿಸುವ ಹೊತ್ತಿಗೆ ನಿಮಗೇ ಪಾಪ ಅನ್ನಿಸಿಬಿಡುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಫೋನ್ ಮಾಡಬಹುದಿತ್ತು. ಆದರೆ ನೀವು ಫೋನ್ ಎತ್ತಿದರೆ ಅತ್ತೆ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾರೆ. ನೀವು “ಹ್ಞೂ, ಹ್ಞೂ, ಆಮೇಲೆ ನೋಡೋಣ” ಅನ್ನುತ್ತೀರಿ, ನಾನು ಈ ಕಡೆ ಗೋಡೆಯ ಜೊತೆ ಮಾತಾಡಿದಂತಾಗುತ್ತದೆ. ಕಾಗದವಾದರೆ ಬಚ್ಚಲುಮನೆಗೆ ತೆಗೆದುಕೊಂಡು ಹೋಗಿಯಾದರೂ ಓದಿಕೊಳ್ಳಬಹುದು. ಅದೂ ಅಲ್ಲದೆ ಈ ಸಲ ಒಂದು ಫಾರಂ ಬೇರೆ ಕಳಿಸುತ್ತಿದ್ದೇನೆ. ಅದಕ್ಕೆ ನಿಮ್ಮ ಸಹಿ ಬೇಕು.

ನಾನು ಚೆನ್ನಾಗಿದ್ದೇನೆ. ಇದು ಬರೆಯಬೇಕಲ್ಲ ಎಂದು ಬರೆದದ್ದಲ್ಲ. ನಿಮ್ಮ ಮೈದುನ ದೋಣಿ ಬಿಟ್ಟು ಹೋಗಿ ಎರಡು ವರ್ಷ, ನಾವಿಬ್ಬರೂ ಇನ್ನು ಗಂಡ ಹೆಂಡತಿಯಲ್ಲ ಎಂದು ಕೋರ್ಟು ಬರೆದುಕೊಟ್ಟು ಒಂದು ವರ್ಷ ಆಯಿತು. (‘ನಿಮ್ಮ ಮೈದುನ’ ಎನ್ನುವುದು ಬಿಟ್ಟರೆ ಅವರನ್ನು ಈಗ ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ‘ನಮ್ಮವರು’ ಅನ್ನುವಂತಿಲ್ಲ.) ಹಾಯಿದೋಣಿಯ ಹುಚ್ಚು ಅವರದು, ನೀರಿನ ಹೆದರಿಕೆ ನನ್ನದು. ಹುಚ್ಚು ಬಿಟ್ಟ ಮೇಲೆ ಅವರು ನೆಲಕ್ಕೆ ಹೋದರು, ಹೆದರುತ್ತಿದ್ದವಳು ನೀರಿನಲ್ಲಿ ಉಳಿದೆ. ದೋಣಿ ಮಾರಿ ಊರಿಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಯಾರ ಮನೆಗೆ ಹೋಗಲಿ? ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರು ಮೊದಲೇ ಇಲ್ಲ. ಭಾಷೆ ಬೇರೆಯಾದರೂ ಈ ಬಂದರಿನಲ್ಲಿ ಕೆಲಸವಿದೆ. ಅಕ್ಕಪಕ್ಕದ ದೋಣಿಗಳವರ ಹರಿದ ಹಾಯಿ, ಬಿಸಿಲಿಗೆ ಸುಟ್ಟ ಹೊದಿಕೆ, ಕುಶನ್ನು ಎಲ್ಲವನ್ನೂ ಹೊಲಿದು ಕೊಡುತ್ತೇನೆ. ಊಟದ ಮೇಜಿನ ಮೇಲೆಯೇ ಹೊಲಿಗೆಯಂತ್ರ. ಪಕ್ಕದಲ್ಲಿ ದೊಡ್ಡ ದೋಣಿ ಹಾದುಹೋದರೆ ನಮ್ಮದು ಅಲುಗುತ್ತದೆ, ಹೊಲಿಗೆ ಡೊಂಕಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಕಷ್ಟವಿರುವುದು ಸಮುದ್ರದಲ್ಲಲ್ಲ ಅಕ್ಕ, ಕಚೇರಿಗಳಲ್ಲಿ. ಕಾಗದಪತ್ರಗಳಿಗೆ ನೀರು ತಾಗಬಾರದೆಂದು ಅವನ್ನೆಲ್ಲ ಕುಕ್ಕರಿನಲ್ಲಿ ಹಾಕಿ ಮುಚ್ಚಳ ಬಿಗಿದಿಟ್ಟಿದ್ದೇನೆ. ಅಡುಗೆಗೆ ಪಾತ್ರೆ ಇದೆ, ಪಾಸ್‌ಪೋರ್ಟಿಗೆ ಕುಕ್ಕರೇ ಗತಿ. ಹೋದ ತಿಂಗಳು ಬ್ಯಾಂಕಿನವರು ನನ್ನ ಖಾತೆಗೆ ಹೊಸದಾಗಿ ವಿಳಾಸದ ಪುರಾವೆ ಬೇಕೆಂದರು. ಕೌಂಟರಿನ ಹುಡುಗಿಗೆ ದೋಣಿಯ ಹೆಸರು ಹೇಳಿದೆ.

“ಅದು ವಾಹನ ಅಲ್ವಾ?” ಅಂದಳು.

“ವಾಹನಾನೇ. ಒಳಗೆ ಅಡುಗೆಮನೆ ಇದೆ.”

“ಕರೆಂಟ್ ಬಿಲ್ ತಂದುಕೊಡಿ.”

“ಕರೆಂಟು ಬಿಸಿಲಿಂದ ಬರುತ್ತಮ್ಮ. ಬಿಸಿಲು ಬಿಲ್ ಕೊಡಲ್ಲ.”

ನೀವಿದ್ದಿದ್ದರೆ ನಕ್ಕಿರುತ್ತಿದ್ದಿರಿ. ಅವಳು ನಗಲಿಲ್ಲ. ದೋಣಿ ಇಂಥ ಕಡೆ ನಿಂತಿದೆ, ಇಂಥವರ ಹೆಸರಿನಲ್ಲಿದೆ ಎಂದು ಬಂದರು ಕಚೇರಿಯಿಂದ ಬರೆಸಿಕೊಂಡು ಬನ್ನಿ, ಜೊತೆಗೆ ಹೊಸ ಫೋಟೋ ತನ್ನಿ ಎಂದಳು. ಫೋಟೋ ಅಂಗಡಿಯಲ್ಲಿ ಇನ್ನೊಂದು ಪೀಕಲಾಟ. ವರ್ಷಗಟ್ಟಲೆ ನೀರಿನ ಮೇಲಿದ್ದು ನೆಲದ ಮೇಲೆ ನಿಂತರೆ ಮೈ ತಾನಾಗಿ ತೂಗುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. “ನೆಟ್ಟಗೆ ನಿಂತ್ಕೊಳಿ ಮೇಡಂ” ಎಂದು ಫೋಟೋದವನು ಹೇಳುತ್ತಲೇ ಇದ್ದ. ಕೊನೆಗೆ ಹತ್ತಿರ ಬಂದು ಸಣ್ಣಗೆ ಮೂಸಿ ನೋಡಿದ, ಕುಡಿದು ಬಂದಿದ್ದೇನೋ ಎಂದು. ಕುರ್ಚಿಯ ಮೇಲೆ ಕೂರಿಸಿ ತೆಗೆದ ಫೋಟೋದಲ್ಲಿ ನಾನು ಏನನ್ನೋ ಕದ್ದವಳ ಹಾಗೆ ಕಾಣುತ್ತೇನೆ.

ಬಂದರು ಕಚೇರಿ ಒಂದೇ ಕೋಣೆಯದು. ಒಂದು ಫ್ಯಾನು, ಎರಡು ಬೀರು, ಯಾರೂ ಒಯ್ಯದಿರಲೆಂದು ಹಗ್ಗದಿಂದ ಮೇಜಿಗೆ ಕಟ್ಟಿಹಾಕಿದ ಸ್ಟೇಪ್ಲರ್. ಗುಮಾಸ್ತರು ಒಳ್ಳೆಯವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಜಾತಿ. ದೋಣಿ ನನ್ನ ಹೆಸರಿಗಾದ ಕಾಗದ, ಕೋರ್ಟಿನ ಕಾಗದ, ಎಲ್ಲವನ್ನೂ ಬಿಡಿಸಿ ಓದಿದರು.

“ಎಲ್ಲ ಸರಿಯಾಗಿದೆ. ಆದ್ರೆ ಒಬ್ಬರೇ ಇರೋರು ಅಂದ್ರೆ ಇನ್ನೊಂದು ಫಾರಂ ಬೇಕು. ನಿಮಗೇನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು, ದೋಣೀನ ಯಾರ ಕೈಗೆ ಒಪ್ಪಿಸ್ಬೇಕು ಅಂತ. ಹತ್ತಿರದ ಸಂಬಂಧಿಕರೇ ಆಗ್ಬೇಕು. ಅದಿಲ್ದೆ ಗಾಳಿಮಳೆ ಕಾಲದಲ್ಲಿ ಇಲ್ಲಿ ಕಟ್ಟಿ ನಿಲ್ಲೋಕೆ ಬಿಡಲ್ಲ.”

ನಾನು ಯೋಚನೆ ಕೂಡ ಮಾಡದೆ ನಿಮ್ಮ ಹೆಸರು ಬರೆದೆ. ಅದರ ಮುಂದೆ ‘ಸಂಬಂಧ’ ಎಂದಿತ್ತು. “ಏನಾಗ್ಬೇಕು ಅವರು ನಿಮಗೆ?” ಅಂದರು.

“ಓರಗಿತ್ತಿ” ಅಂದೆ. ಅವರ ಭಾಷೆಯಲ್ಲಿ ಮಾತಾಡುತ್ತಿದ್ದವಳಿಗೆ ಆ ಒಂದು ಪದ ಮಾತ್ರ ನಮ್ಮದೇ ಬಾಯಿಗೆ ಬಂತು.

“ಹಾಗಂದ್ರೆ?”

“ನನ್ನ ಗಂಡನ ಅಣ್ಣನ ಹೆಂಡತಿ.”

ಗುಮಾಸ್ತರು ಕೋರ್ಟಿನ ಕಾಗದವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಒಂದು ಚೂರು ಕಾಗದ ತೆಗೆದುಕೊಂಡು ನಾಲ್ಕು ಸೊನ್ನೆ ಬರೆದರು. “ಇದು ನೀವು, ಇದು ನಿಮ್ಮ ಗಂಡ, ಇದು ಅವರ ಅಣ್ಣ, ಇದು ಆಯಮ್ಮ” ಎಂದು ಒಂದರಿಂದ ಒಂದಕ್ಕೆ ಗೆರೆ ಎಳೆದರು. ಮೊದಲನೆಯ ಗೆರೆಯನ್ನು ಅಡ್ಡ ಹೊಡೆದರು. “ಇದೇ ಇಲ್ಲ ಅಂದ್ಮೇಲೆ ಮುಂದಿನದು ಎಲ್ಲಿಂದ ಬರುತ್ತೆ, ಹೇಳಿ?” ನೀವು ಮೂವರೂ ಆ ಕಡೆ ಒಟ್ಟಿಗೆ ಉಳಿದಿರಿ. ಈ ಕಡೆ ನಾನೊಂದು ಸೊನ್ನೆ.

“ಹನ್ನೊಂದು ವರ್ಷ ಒಂದೇ ಅಡುಗೆಮನೇಲಿ ಇದ್ವಿ” ಅಂದೆ.

“ಜಗಳ ಆಡ್ತಿದ್ರಾ?”

“ದಿನಾ.”

“ಹಾಗಾದ್ರೆ ಸಂಬಂಧಿಕರೇ, ಅನುಮಾನ ಇಲ್ಲ. ಆದ್ರೆ ಫಾರಮ್ಮಿಗೆ ಅಷ್ಟು ಸಾಲಲ್ಲ.”

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೆರೆ ಎಳೆದದ್ದು ಸರಿಯಾಗಿಯೇ ಇತ್ತು. ಕೋರ್ಟಿನ ಕಾಗದ ಬಂದ ದಿನ ನಾನು ಅದನ್ನು ಓದಿ ಮಡಿಸಿಟ್ಟು ಒಂದು ಹಾಯಿಯ ಅಂಚು ಹೊಲಿದು ಮುಗಿಸಿದ್ದೆ. ಅದರಲ್ಲಿ ನಿಮ್ಮ ಹೆಸರಿರಲಿಲ್ಲ ನೋಡಿ, ಹಾಗಾಗಿ ಅದರ ಜೊತೆ ನೀವೂ ನನ್ನ ಕೈತಪ್ಪಿ ಹೋದಿರಿ ಎಂಬುದು ಹೊಳೆದಿರಲೇ ಇಲ್ಲ. ಮೊನ್ನೆ ಹೊಳೆಯಿತು. ಬೇಜಾರಾಯಿತು.

ಗ್ಯಾಸ್ ಮುಗಿದ ಹಾಗಿದೆ, ಒಲೆಯ ಉರಿ ಹಳದಿಯಾಗುತ್ತಿದೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಮಾರ್ಚ್ ೧೨

ಗ್ಯಾಸ್ ಕಥೆ ಕೇಳಿ. ನಮ್ಮ ಸಿಲಿಂಡರಿನ ಬಾಯಿಗೂ ಇಲ್ಲಿಯ ಅಂಗಡಿಯ ಪೈಪಿಗೂ ಹೊಂದುವುದಿಲ್ಲ. ಒಂದು ಅಂಗಡಿಯವನು ಇನ್ನೊಂದಕ್ಕೆ ಕಳಿಸಿದ, ಅವನು ಮೊದಲನೆಯವನ ಬಳಿಗೇ ಕಳಿಸಿದ. ಸಿಲಿಂಡರನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಊರೆಲ್ಲ ಮೆರವಣಿಗೆ ಮಾಡಿದೆ. ಕೊನೆಗೆ ಸೈಕಲ್ ರಿಪೇರಿಯವನೊಬ್ಬ ಹಳೆಯ ಹಿತ್ತಾಳೆಯ ತುಂಡೊಂದನ್ನು ಹುಡುಕಿ ಜೋಡಿಸಿಕೊಟ್ಟ. ಎರಡು ದಿನ ಬ್ರೆಡ್ಡು ಬಾಳೆಹಣ್ಣಿನಲ್ಲೇ ಕಳೆದೆ. ನಿನ್ನೆ ಬಿಸಿ ಅನ್ನ ಉಂಡಾಗ ಜೀವ ಬಂದಂತಾಯಿತು.

ಪಕ್ಕದ ದೋಣಿಯಲ್ಲಿ ರಿಟೈರಾದ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆ. ಮಾತಾಡುವಾಗ ಕಣ್ಣು ನೋಡುವುದಿಲ್ಲ, ಬಾಯಿಯನ್ನೇ ನೋಡುತ್ತಾರೆ. ಫಾರಮ್ಮಿನ ವಿಷಯ ಹೇಳಿದೆ. “ಅಯ್ಯೋ, ನನ್ನ ಹೆಸರು ಕೊಡು. ಬೇರೆಲ್ಲೋ ಇರೋರು ಯಾಕೆ? ಕಸಿನ್ ಅಂತ ಒಂದು ಸುಳ್ಳು ಬರೆದು ಕೈ ತೊಳ್ಕೋ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಆಗಲಿಲ್ಲ. ನನಗೇನಾದರೂ ಆದರೆ ಇಲ್ಲಿ ಯಾರಾದರೂ ನೋಡಿಕೊಳ್ಳುತ್ತಾರೆ, ಅದಲ್ಲ ವಿಷಯ. ತಿಳಿಸಿದಾಗ ಕೇಳಿಸಿಕೊಂಡು ಒಂದು ಗಳಿಗೆ ಕೆಳಗೆ ಕೂತುಬಿಡುವವರು ಒಬ್ಬರು ಎಲ್ಲಾದರೂ ಇರಬೇಕಲ್ಲ.

ಮತ್ತೆ ಗುಮಾಸ್ತರ ಹತ್ತಿರ ಹೋಗಿ ಕೂತೆ. ಗೆಳತಿ ಎಂದು ಬರೆಯಲೇ ಎಂದು ಕೇಳಿದೆ, ಕೇಳಿದ ಮೇಲೆ ನನಗೇ ಸರಿಯೆನಿಸಲಿಲ್ಲ. ಗೆಳತಿಯನ್ನು ನಾವು ಆರಿಸಿಕೊಳ್ಳುತ್ತೇವೆ. ನೀವು ನನ್ನನ್ನು ಆರಿಸಲಿಲ್ಲ, ನಾನು ನಿಮ್ಮನ್ನು ಆರಿಸಲಿಲ್ಲ. ಅಣ್ಣ ತಮ್ಮಂದಿರನ್ನು ಕಟ್ಟಿಕೊಂಡ ತಪ್ಪಿಗೆ ಒಂದೇ ಒಲೆಯ ಮುಂದೆ ಬಂದು ನಿಂತೆವು. ನಾನು ಬಂದ ವಾರವೇ ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದು ನೆನಪಿದೆಯೇ? “ಹಾಕಿದ್ದು ನಾನೇ” ಎಂದು ಅತ್ತೆಯ ಮುಂದೆ ತಪ್ಪು ಒಪ್ಪಿಕೊಂಡು ನೀವು ಬೈಸಿಕೊಂಡಿರಿ. ಆಮೇಲೆ ಕೋಣೆಗೆ ಬಂದು, “ಏನ್ ಗಡಿಬಿಡೀನೇ ನಿಂಗೆ? ರೈಲು ತಪ್ಪಿಹೋಗುತ್ತಾ?” ಎಂದು ಅತ್ತೆಗಿಂತ ಜೋರಾಗಿ ಬೈದಿರಿ. ಅವತ್ತಿನಿಂದ ನನ್ನ ಹೆಸರೇ ಗಡಿಬಿಡಿಯಾಯಿತು. ಇದನ್ನೆಲ್ಲ ಗುಮಾಸ್ತರಿಗೂ ಹೇಳಿದೆ. ಹಿಂದೆ ಸರತಿಯಲ್ಲಿ ನಿಂತವರು ಕೆಮ್ಮುತ್ತಿದ್ದರು. ಗುಮಾಸ್ತರು ಪೂರ್ತಿ ಕೇಳಿ, ಕನ್ನಡಕ ಇಳಿಸಿ, ಫಾರಮ್ಮಿನ ಕೊನೆಯ ಸಣ್ಣ ಅಕ್ಷರಗಳನ್ನು ಓದಿದರು.

“ಒಂದು ದಾರಿ ಇದೆ. ರಕ್ತಸಂಬಂಧ ಅಲ್ದಿದ್ರೆ ನೀವು ಹೇಳಿದ್ರೆ ನಡೆಯಲ್ಲ. ಅವರೇ ತಮ್ಮ ಕೈಯಾರೆ ಬರೆದು ಸಹಿ ಮಾಡ್ಬೇಕು, ನಾನು ಇವಳಿಗೆ ಇಂಥವಳು ಅಂತ. ಅವರು ಏನು ಬರೀತಾರೋ ನಮಗೆ ಅದೇ ಲೆಕ್ಕ.”

ಹಾಗಾಗಿ ಅಕ್ಕ, ಆ ಜಾಗವನ್ನು ಖಾಲಿ ಬಿಟ್ಟು ಕಳಿಸುತ್ತಿದ್ದೇನೆ. ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದೇನೆ, ಅಲ್ಲಿ ಬರೆಯಬೇಕು, ಕೆಳಗೆ ಸಹಿ ಮಾಡಬೇಕು. ಯಾವ ಭಾಷೆಯಲ್ಲಾದರೂ ಬರೆಯಬಹುದಂತೆ, ಅವರು ಅನುವಾದ ಮಾಡಿಸಿಕೊಳ್ಳುತ್ತಾರೆ. ಮುಂದಿನ ತಿಂಗಳ ಕೊನೆಯೊಳಗೆ ಇಲ್ಲಿಗೆ ತಲುಪಿದರೆ ಸಾಕು. ತಲುಪದಿದ್ದರೆ ದೋಣಿಯನ್ನು ಇಲ್ಲಿಂದ ಬಿಚ್ಚಿ ಹೊರಗಿನ ಬಯಲು ನೀರಿನಲ್ಲಿ ಲಂಗರು ಹಾಕಿಕೊಂಡಿರಬೇಕಾಗುತ್ತದೆ. ಗಾಳಿ ಎದ್ದಾಗ ಅಲ್ಲಿ ಒಬ್ಬಳೇ ಇರುವುದು ಕಷ್ಟ. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ, ಇರುವುದನ್ನು ಹೇಳಿದೆ.

ಭಾವನನ್ನು ಒಂದು ಮಾತು ಕೇಳಬೇಕೆನಿಸಿದರೆ ಕೇಳಿ. ಅತ್ತೆಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಆ ಮನೆಯಲ್ಲಿ ನಿಮಗೆ ತೊಂದರೆಯಾಗುವುದಾದರೆ ಸಹಿ ಬೇಡ. ಆದರೆ ಆಗುವುದಿಲ್ಲವೆಂದಾದರೆ ಹಾಗೆಂದೇ ಒಂದು ಸಾಲು ಬರೆದು ಹಾಕಿ. ಸುಮ್ಮನಿದ್ದುಬಿಡಬೇಡಿ. ನಿಮ್ಮ ಬೈಗುಳ ನನಗೆ ಅಭ್ಯಾಸವಾಗಿದೆ, ನಿಮ್ಮ ಮೌನ ಅಭ್ಯಾಸವಿಲ್ಲ.

ಭಾವನ ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬೇಡಿ. ಅವರಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸುವಂತಿದ್ದರೆ ತಿಳಿಸಿ, ಇಲ್ಲವಾದರೆ ನೀವೇ ಇಟ್ಟುಕೊಳ್ಳಿ. ನಿಮ್ಮ ಮಗಳಿಗೆ ಈ ಚಿಕ್ಕಮ್ಮನ ತುಂಬು ಆಶೀರ್ವಾದಗಳು. ಓದು, ಕೆಲಸ ಎಲ್ಲವೂ ಅವಳು ಅಂದುಕೊಂಡಂತೆ ಆಗಲಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ. ಎಲ್ಲರಿಗೂ ಬಡಿಸಿ ಕೊನೆಗೆ ನಿಂತುಕೊಂಡೇ ತಿನ್ನುವುದನ್ನು ಈಗಲಾದರೂ ಬಿಡಿ. ನೂರು ಕಾಲ ಚೆನ್ನಾಗಿರಿ.

ನಿಮ್ಮ
ಗಡಿಬಿಡಿ

ತಾ.ಕ.: ನಿಮ್ಮ ಕಾಗದದಲ್ಲಿ ಸೋರುವ ನಲ್ಲಿ ಇತ್ತು, ಎದುರುಮನೆಯವರ ಜಗಳ ಇತ್ತು, ನಿಮ್ಮ ಮೈದುನನ ಎರಡನೇ ಮದುವೆಯ ಸುದ್ದಿ ಇರಲಿಲ್ಲ. ನನಗೆ ನೋವಾಗದಿರಲಿ ಎಂದೇ ಮುಚ್ಚಿಟ್ಟಿರುತ್ತೀರಿ. ಆದರೆ ನಿಮ್ಮ ಮಗಳು ಮನೆಮಂದಿಗೆಲ್ಲ ಫೋನಿನಲ್ಲಿ ಫೋಟೋ ಕಳಿಸುವಾಗ ಪಟ್ಟಿಯಿಂದ ನನ್ನನ್ನು ತೆಗೆಯಲು ಮರೆತಿದ್ದಾಳೆ. ಅವಳನ್ನು ಬೈಯಬೇಡಿ. ನಿಮ್ಮ ಮೈದುನನನ್ನು ನೋಡಿದೆ, ಸ್ವಲ್ಪ ದಪ್ಪಗಾಗಿದ್ದಾರೆ. ಏನೂ ಅನ್ನಿಸಲಿಲ್ಲ. ಆಕೆಯನ್ನು ನೋಡಿದಾಗಲೂ ಅನ್ನಿಸಲಿಲ್ಲ, ಒಳ್ಳೆಯವಳ ಹಾಗೆ ಕಾಣುತ್ತಾಳೆ. ಆಮೇಲೆ ನಿಮ್ಮನ್ನು ನೋಡಿದೆ. ಆಕೆಯ ಹಿಂದೆ ನಿಂತು, ಆಕೆಯ ಬೆನ್ನ ಮೇಲೆ ಕೈಯಿಟ್ಟು ನಗುತ್ತಿದ್ದೀರಿ. ಅವರು ಬಿಟ್ಟು ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ಆಕೆ ನಿಮ್ಮನ್ನು ಏನೆಂದು ಕರೆಯುತ್ತಾಳೆ? ಅಕ್ಕ ಎಂದಾದರೆ ನನಗೆ ತಿಳಿಸಬೇಡಿ.