ಸಕ್ಕರೆ ಉದುರಿದ ಕಣ

ಮೆಲಾಕಾ
ಜೂನ್ ೧೨, ೨೦೨೧

ನನ್ನ ವಾರಿಜಾಕ್ಷಿಗೆ,

ನಿನ್ನೆ ನನ್ನ ಗುಲ್ಮ ತೆಗೆದುಹಾಕಿದರು.

ಗಾಬರಿಯಾದೆಯಾ? ಸುಳ್ಳು. ಗುಲ್ಮ, ಅದೇ ನಿನ್ನ ಪಾಠದ ಸ್ಪ್ಲೀನ್, ಇದ್ದಲ್ಲೇ ಇದೆ, ಎಬ್ಬಿಸಿದ್ದು ಬರೀ ಗುಲ್ಲು. ಒಂದು ಕ್ಷಣವಾದರೂ ನನ್ನ ಚಿಂತೆ ಮಾಡಲಿ ಎಂದು ಬರೆದೆ.

ನೀನು ಮಗಳ ಬಾಣಂತನಕ್ಕೆ ಪುಚೊಂಗಿಗೆ ಹೋದೆ, ಕೋವಿಡ್ ಎಂದು ರಾಜ್ಯದ ಗಡಿ ಮುಚ್ಚಿತು. ಇಲ್ಲಿ ನನಗೆ ಮಾಮಕ್ ಹೋಟೆಲಿನ ತಣ್ಣಗಿನ ರೊಟ್ಟಿ. ಅಲ್ಲಿ ನಿನ್ನ ಜೊತೆ ಪಾಠ ಮಾಡುವ ರಾಧಾಕೃಷ್ಣ, ಮಗಳ ಕಾಂಡೋ ಕಟ್ಟಡದಲ್ಲೇ ಮೇಲಿನ ಮಹಡಿಯವನು, ಬಿಸಿ ದೋಸೆ ತಪಾವ್ ಕಟ್ಟಿಸಿ ತಂದು ನಿನ್ನ ಬಾಗಿಲಲ್ಲಿಡುತ್ತಾನಂತೆ. "ಅಂಕಲ್ ಸೋ ಸ್ವೀಟ್ ಲಾ, ಅಪ್ಪ!" ಎಂದಳು ಭವ್ಯಶ್ರೀ. ಸಕ್ಕರೆ ಕಾಯಿಲೆಯವನ ಮುಂದೆ ಆಡುವ ಮಾತೇ ಅದು?

ನಿಮ್ಮಿಬ್ಬರ ಆನ್‌ಲೈನ್ ಪಾಠವನ್ನೂ ನೋಡಿದೆ. ಲಿಂಕ್ ಇಲ್ಲಿನ ಹಳೇ ಲ್ಯಾಪ್‌ಟಾಪಿಗೂ ಬರುತ್ತದೆ. ಕೆಂಪು ರಕ್ತಕಣ ಮೈತುಂಬ ಸಕ್ಕರೆಯ ಎಳೆಗಳನ್ನು ಹೊದ್ದಿರುತ್ತದೆ, ವಯಸ್ಸಾದಂತೆ ಅವು ಸವೆದು, ಗುಲ್ಮದ ಸಂದಿಯಲ್ಲಿ ನುಸುಳಲಾರದೆ ಕಣ ಗೋಡೆಗೆ ಅಂಟಿಕೊಳ್ಳುತ್ತದೆ ಎಂದೆ ನೀನು. ಆಗ ಅವನು, ಮಕ್ಕಳಿಗೆ ತಿಳಿಯದ ಕನ್ನಡದಲ್ಲಿ, "ಅಂಟುವುದಲ್ಲ ಮೇಡಂ, ಮುದಿ ಕಣ ಬಗ್ಗುದಿಲ್ಲ, ಸೆಟೆದುಕೊಳ್ತದೆ" ಎಂದ. ನೀನು, "ಸೆಟೆಯುವುದೂ ಹೌದು, ಅಂಟುವುದೂ ಹೌದು. ನಮ್ಮನೆಯಲ್ಲೇ ಒಂದು ಉಂಟಲ್ಲ!" ಎಂದು ನಕ್ಕೆ. ಅವನೂ ನಕ್ಕ. ನೀನು ನನ್ನ ನಗೆಯಾಡಿದರೆ ಬೇಸರವಿಲ್ಲ. ಅವನ ಜೊತೆ ಆಡಿದೆಯಲ್ಲ, ಅದು ಇನ್ನೂ ಅರಗಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ. ಸುಗಂಧಿ ಎಂಬ ವಿದ್ಯಾರ್ಥಿನಿ ಪಾಠದ ಚಾಟಿನಲ್ಲಿ ಎಲ್ಲರೂ ಓದುವಂತೆ, ಮೇಡಂ ಪಾಠ ಹಳಸಿದೆ, ಸರ್ ಒಬ್ಬರೇ ಸಾಕು ಎಂದು ಬರೆದಳಂತೆ. "ಇಷ್ಟು ವರ್ಷ ಕಲಿಸಿದ್ದು ಸಾಕು ಮಾರಾಯ್ರೆ, ಸೋಮವಾರ ರಾಜೀನಾಮೆ ಕೊಡ್ತೇನೆ" ಎಂದೆ. ಯಾವ ದರಿದ್ರದವಳು ಅವಳು ಎಂದು ನಾನೂ ಜೋರಾಗಿ ಬೈದೆ.

ಕೊಡಬೇಡ ವಾರಿಜಾ. ಫೋನಿನಲ್ಲಿ ಹೇಳಿದರೆ ನನ್ನ ಮಾತನ್ನು ತಮಾಷೆ ಎನ್ನುತ್ತೀ. ಅದಕ್ಕೇ ಗಡಿ ದಾಟುವ ಪಾಸ್ ಇರುವ ಡಾಕ್ಟರ್ ಪ್ರಜ್ವಲನ ಕೈಯಲ್ಲಿ ಈ ಕಾಗದ. ಭಾನುವಾರವೇ ತಲುಪಿಸುತ್ತಾನೆ.

ಸೆಟೆದೂ ಅಂಟಿಕೊಂಡೂ ಇರುವ ನಿನ್ನ,
ರತ್ನಾಕರ

ಮರೆತ ವಿಷಯ: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅವನ ಪಕ್ಕದಿಂದ ನಿನ್ನನ್ನು ಎಬ್ಬಿಸಲು ಹೋಗಿ ಪಾಠದಿಂದಲೇ ಎಬ್ಬಿಸಿಬಿಟ್ಟೆ. ಸುಗಂಧಿ ನಾನೇ.